ನಿರ್ವೇದವೂ ವ್ಯಾಧಿಯೂ

೧

ತಾನು ಯಾರು, ಮಾಡುತ್ತಿರುವ ಕೆಲಸವು ಯಾರಿಗಾಗಿ, ಬಾಳಿಗೆ ಅರ್ಥವುಂಟೆ ಎಂಬ ಪ್ರಶ್ನೆಗಳು ಮನುಷ್ಯನನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುವ ಸ್ಥಿತಿಗೆ ಕನ್ನಡ ವಿಮರ್ಶೆಯು ‘ಅಸ್ತಿತ್ವದ ಬಿಕ್ಕಟ್ಟು’ ಎಂಬ ಹೆಸರನ್ನು ಕೊಟ್ಟಿದೆ. ಈ ಹೆಸರು ನವ್ಯಸಾಹಿತ್ಯದೊಡನೆ ರೂಢಿಗೆ ಬಂದುದು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (೧೯೬೧), ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಮೊದಲಾದ ಕಾದಂಬರಿಗಳ ಚರ್ಚೆಯಲ್ಲಿ ಇದು ಹೇರಳವಾಗಿ ಬಳಕೆಯಾಗಿ, ಕ್ರಮೇಣ ತರಗತಿಯ ಟಿಪ್ಪಣಿಗಳಿಗೂ ಪರೀಕ್ಷೆಯ ಉತ್ತರಪತ್ರಿಕೆಗಳಿಗೂ ಇಳಿಯಿತು. ಬಳಕೆ ಹೆಚ್ಚಿದಂತೆ ಅರ್ಥದ ಅಂಚು ಮಸುಕಾಗುವುದು ಶಬ್ದಗಳ ಸ್ವಭಾವ. ಇಂದು ಕಥಾನಾಯಕನಿಗೆ ನಿದ್ದೆ ಬಾರದಿದ್ದರೂ ಬಿಕ್ಕಟ್ಟು; ಉದ್ಯೋಗ ಹೋದರೂ ಬಿಕ್ಕಟ್ಟು; ದೇವರಲ್ಲಿ ನಂಬಿಕೆ ತಪ್ಪಿದರೂ ಬಿಕ್ಕಟ್ಟು.

ಈ ಸ್ಥಿತಿಗೂ ಮನಸ್ಸಿನ ಆರೋಗ್ಯಕ್ಕೂ ಏನು ಸಂಬಂಧವೆಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಬಿಕ್ಕಟ್ಟು ಸೂಕ್ಷ್ಮಸಂವೇದನೆಯ ಲಕ್ಷಣ, ಅದರಿಂದ ಬರುವ ಯಾತನೆಯು ಒಂದು ಬಗೆಯ ಹಿರಿಮೆ, ಅದಕ್ಕೆ ಔಷಧವನ್ನು ಹುಡುಕುವುದು ಅರಸಿಕತನ ಎಂಬುದು ಮೊದಲನೆಯದು. ಸಾಹಿತ್ಯಾಸಕ್ತರಲ್ಲಿ ಇದು ಹೆಚ್ಚು. ಬಿಕ್ಕಟ್ಟೆಂಬುದು ಕೇವಲ ಒಂದು ರೋಗ, ಸಲಹೆಗಾರರನ್ನು ಕಂಡು ಬೇಗನೆ ಶಮನ ಮಾಡಿಸಿಕೊಂಡು ಮರಳಿ ಕೆಲಸಕ್ಕೆ ಕೂರತಕ್ಕದ್ದು ಎಂಬುದು ಎರಡನೆಯದು. ಉದ್ಯೋಗಸಂಸ್ಥೆಗಳಲ್ಲಿ ಇದು ಹೆಚ್ಚು. ಮೊದಲನೆಯದು ರೋಗಿಯನ್ನು ಜ್ಞಾನಿಯೆಂದು ಭ್ರಮಿಸುತ್ತದೆ. ಎರಡನೆಯದು ಜಿಜ್ಞಾಸುವನ್ನು ರೋಗಿಯೆಂದು ಭ್ರಮಿಸುತ್ತದೆ.

ಇದು ಕೇವಲ ಪಾಂಡಿತ್ಯದ ವಿವಾದವಾಗಿ ಉಳಿದಿಲ್ಲ. ಕನ್ನಡ ನಾಡಿನ ಕಾಲೇಜುಗಳಲ್ಲಿ ಓದಿದ ತರುಣ ತರುಣಿಯರು ಅಪಾರ ಸಂಖ್ಯೆಯಲ್ಲಿ ಬೆಂಗಳೂರಿನ ಹೊರವಲಯಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಗೆ ಹೋಗಿ ಸೇರುತ್ತಾರೆ. ಅವರಲ್ಲಿ ಹಲವರು ಮೇಲೆ ಹೇಳಿದ ಕೃತಿಗಳನ್ನು ಪಠ್ಯವಾಗಿ ಓದಿದವರು. ತಮ್ಮ ಸಂಕಟಕ್ಕೆ ಅವರು ಹುಡುಕಿಕೊಳ್ಳುವ ಹೆಸರು ಎಷ್ಟೋ ಸಲ ಅಧ್ಯಾಪಕರಿಂದ ಪಡೆದ ಹೆಸರೇ ಆಗಿರುತ್ತದೆ. ಆದುದರಿಂದ ಹೆಸರುಗಳನ್ನು ಬೇರ್ಪಡಿಸಿ ನೋಡುವುದು ವಿಮರ್ಶೆಯ ಕರ್ತವ್ಯವಾಗಿದೆ. ಇದಕ್ಕೆ ಬೇಕಾದ ಸಾಮಗ್ರಿಯು ಹಳೆಯ ರಸಶಾಸ್ತ್ರದಲ್ಲಿಯೂ ಪಂಪನ ಒಂದು ಪ್ರಸಂಗದಲ್ಲಿಯೂ ಉಂಟೆಂಬುದನ್ನೂ, ಅದನ್ನು ಹಿಡಿದು ಓದಿದಾಗ ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯), ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಎಂಬೆರಡು ಕೃತಿಗಳು ಹೊಸದಾಗಿ ಅರ್ಥ ಕೊಡುವುವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಭರತನ ನಾಟ್ಯಶಾಸ್ತ್ರವು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊಟ್ಟಮೊದಲನೆಯದು ನಿರ್ವೇದ. ಅದರ ವಿಭಾವಗಳನ್ನು, ಎಂದರೆ ಕಾರಣಗಳನ್ನು, ಹೇಳುವಾಗ ಭರತನು ದಾರಿದ್ರ್ಯ, ವ್ಯಾಧಿ, ಅವಮಾನ, ಇಷ್ಟಜನವಿಯೋಗ ಮುಂತಾದವುಗಳ ಸಾಲಿನಲ್ಲಿಯೇ ತತ್ತ್ವಜ್ಞಾನವನ್ನೂ ಇಡುತ್ತಾನೆ. ಹಣವಿಲ್ಲದವನಿಗೂ ಅವಮಾನಿತನಿಗೂ ತತ್ತ್ವವನ್ನು ಕಂಡವನಿಗೂ ಹೊರಗೆ ತೋರುವ ಭಾವವು ಒಂದೇ; ನಿಟ್ಟುಸಿರು, ಕಣ್ಣೀರು, ಚಿಂತೆ, ಲೋಕವು ಬೇಡವೆಂಬ ಮುಖಭಂಗಿ. ಹೊರಲಕ್ಷಣದಿಂದ ಮಾತ್ರವೇ ಇವರನ್ನು ಬೇರ್ಪಡಿಸಲಾಗದೆಂಬ ಎಚ್ಚರಿಕೆಯು ಈ ಪಟ್ಟಿಯಲ್ಲಿ ಅಡಗಿದೆ.

ಮುಂದಿನ ಆಲಂಕಾರಿಕರು ಇಲ್ಲಿ ಒಂದು ಗೆರೆಯನ್ನು ಎಳೆದರು. ಮಮ್ಮಟನು ನಿರ್ವೇದವನ್ನು ಶಾಂತರಸದ ಸ್ಥಾಯಿಯೆಂದು ಎಣಿಸಿದನು. ತತ್ತ್ವಜ್ಞಾನದಿಂದ ಹುಟ್ಟಿದ ನಿರ್ವೇದವು ಮಾತ್ರ ಸ್ಥಾಯಿ, ಇಷ್ಟವಿಯೋಗಾದಿಗಳಿಂದ ಹುಟ್ಟಿದುದು ಸಂಚಾರಿ ಎಂಬ ವಿಭಾಗವು ಶಾಸ್ತ್ರದಲ್ಲಿ ನೆಲೆಗೊಂಡಿತು. ಅಭಿನವಗುಪ್ತನು ನಿರ್ವೇದಕ್ಕೆ ಈ ಪದವಿಯನ್ನು ಕೊಡಲೊಪ್ಪದೆ, ತತ್ತ್ವಜ್ಞಾನವನ್ನೇ ಶಾಂತದ ಸ್ಥಾಯಿಯಾಗಿ ಹಿಡಿದನು. ಈ ವಾದಗಳ ಸೂಕ್ಷ್ಮವು ಏನೇ ಇರಲಿ, ಲೋಕದಲ್ಲಿ ಜಿಗುಪ್ಸೆ ಹುಟ್ಟಿದವನೆಲ್ಲ ಜ್ಞಾನಿಯಲ್ಲವೆಂಬುದರಲ್ಲಿ ಇವರೆಲ್ಲರೂ ಏಕಾಭಿಪ್ರಾಯರು.

ಇದಕ್ಕಿಂತ ಹೆಚ್ಚು ಉಪಯುಕ್ತವಾದ ಇನ್ನೊಂದು ಅಂಶವು ಭರತನ ಪಟ್ಟಿಯಲ್ಲಿದೆ. ಗ್ಲಾನಿ, ಶಂಕೆ, ಶ್ರಮ, ಆಲಸ್ಯ, ದೈನ್ಯ, ಚಿಂತೆ, ಜಡತೆ, ವಿಷಾದ, ವ್ಯಾಧಿ, ಉನ್ಮಾದ, ತ್ರಾಸ ಇವುಗಳನ್ನು ಅವನು ನಿರ್ವೇದದಿಂದ ಬೇರೆಯಾಗಿಯೇ, ಒಂದೊಂದಕ್ಕೂ ಪ್ರತ್ಯೇಕ ವಿಭಾವಾನುಭಾವಗಳನ್ನು ಹೇಳಿ, ನಿರೂಪಿಸುತ್ತಾನೆ. ದಣಿದವನು, ಹೆದರಿದವನು, ಮಂಕಾದವನು, ರೋಗಿ, ವಿರಕ್ತ ಇವರನ್ನು ನಟನು ಬೇರೆಬೇರೆಯಾಗಿ ಅಭಿನಯಿಸಬೇಕಾಗಿತ್ತು; ಬೇರ್ಪಡಿಸಿ ನೋಡದಿದ್ದರೆ ಅಭಿನಯವೇ ಸಾಧ್ಯವಿಲ್ಲ. ಆಡುಮಾತಿನಲ್ಲಿ ಇಷ್ಟೂ ಭಾವಗಳಿಗೆ ಬೇಸರವೆಂಬ ದೇಶ್ಯಪದವೂ ಬೇಜಾರೆಂಬ ಪಾರಸೀಮೂಲದ ಪದವೂ ಸಾಕಾಗುತ್ತವೆ. ಹೊತ್ತು ಹೋಗದಿದ್ದರೆ ಬೇಜಾರು, ಗೆಳೆಯ ಕಟುವಾಗಿ ಮಾತಾಡಿದರೆ ಬೇಜಾರು, ಮನೆಯಲ್ಲಿ ಸಾವಾದರೆ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಆಡುಮಾತಿಗೆ ಇದು ದೋಷವಲ್ಲ. ಸಂಕೋಚಪಡುವವನು ದೊಡ್ಡ ಸಂಕಟವನ್ನು ಸಣ್ಣ ಮಾತಿನಲ್ಲಿ ಮುಚ್ಚಿಟ್ಟುಕೊಂಡು ಹೇಳುವುದಕ್ಕೆ ಅದು ಅನುಕೂಲವಾಗಿದೆ. ಆದರೆ ವಿಮರ್ಶೆಯ ಪರಿಭಾಷೆಯೂ ಅಷ್ಟೇ ಸಡಿಲವಾಗಿ, ‘ಬೇಜಾರು’ ಎಂದಿದ್ದಲ್ಲಿ ‘ಬಿಕ್ಕಟ್ಟು’ ಎಂದು ಬರೆದರೆ, ಲಾಭವೇನೂ ಇಲ್ಲ.

೩

ಪಂಪನ ಆದಿಪುರಾಣವು ಕ್ರಿ. ಶ. ೯೪೧ರಲ್ಲಿ ರಚಿತವಾದುದು. ಅದರಲ್ಲಿನ ನೀಲಾಂಜನೆಯ ಪ್ರಸಂಗವನ್ನು ಅರಿಯದ ಕನ್ನಡ ಅಧ್ಯಾಪಕರಿಲ್ಲ. ಆದಿದೇವನು ರಾಜ್ಯಭೋಗದಲ್ಲಿ ದೀರ್ಘಕಾಲ ನಿಂತಿರಲು, ಅವನಿಗೆ ವೈರಾಗ್ಯವು ಹುಟ್ಟಬೇಕಾದ ಕಾಲ ಬಂದಿತೆಂದು ದೇವೇಂದ್ರನು ಬಗೆದು, ಆಯುಷ್ಯವು ಮುಗಿಯುತ್ತ ಬಂದ ನೀಲಾಂಜನೆಯೆಂಬ ನರ್ತಕಿಯನ್ನು ಆಸ್ಥಾನದಲ್ಲಿ ನರ್ತಿಸಲು ನಿಯಮಿಸುತ್ತಾನೆ. ನೃತ್ಯದ ನಡುವೆ ಅವಳು ಅದೃಶ್ಯಳಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಸಭೆಗೆ ತಿಳಿಯಲಿಲ್ಲ, ಆದಿದೇವನೊಬ್ಬನಿಗೆ ತಿಳಿಯಿತು.

ಕಥೆಯು ಜಿನಸೇನಾಚಾರ್ಯರ ಪೂರ್ವಪುರಾಣದಿಂದ ಬಂದುದಾದರೂ, ಅದನ್ನು ಕನ್ನಡದ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿದವನು ಪಂಪ. ಸಾಮಾನ್ಯವಾಗಿ ಈ ಪ್ರಸಂಗವನ್ನು ದೇಹದ ಅನಿತ್ಯತೆಯ ದೃಷ್ಟಾಂತವಾಗಿ ವ್ಯಾಖ್ಯಾನಿಸುವ ವಾಡಿಕೆಯುಂಟು. ಅದು ಸರಿಯೇ, ಆದರೆ ಪೂರ್ಣವಲ್ಲ. ಸಾವು ಮಾತ್ರವೇ ವೈರಾಗ್ಯಕ್ಕೆ ಸಾಕಾಗಿದ್ದರೆ ಇಂದ್ರನು ಎರಡನೆಯ ನರ್ತಕಿಯನ್ನು ಸೃಷ್ಟಿಸುವ ಅಗತ್ಯವಿರಲಿಲ್ಲ. ಸಾವಿಗಿಂತ ಭಯಂಕರವಾದುದು ಆ ಸಾವು ಯಾರಿಗೂ ಕಾಣದಂತೆ ಸ್ಥಾನವು ತುಂಬಿಹೋದುದು. ವ್ಯಕ್ತಿಯು ಹೋದರೂ ಪಾತ್ರವು ನಿಲ್ಲಲಿಲ್ಲ. ಸಭಾಸದರಿಗೆ ಬೇಕಾಗಿದ್ದುದು ಪಾತ್ರವೇ ಹೊರತು ವ್ಯಕ್ತಿಯಲ್ಲ. ಆದಿದೇವನ ಅರಿವು ಇಲ್ಲಿಂದ ಹುಟ್ಟುತ್ತದೆ.

ಆ ಅರಿವಿನ ಲಕ್ಷಣಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಅದು ಇನ್ನೊಬ್ಬಳ ಅಳಿವನ್ನು ಕಂಡು ಹುಟ್ಟಿದುದು, ಆತ್ಮನಿಂದೆಯಿಂದಲ್ಲ. ಎರಡನೆಯದಾಗಿ, ಅದು ಆಲೋಚನೆಯನ್ನು ಚುರುಕುಗೊಳಿಸುತ್ತದೆ. ಸಂಸಾರದ ಸ್ವರೂಪವನ್ನು ಕುರಿತು ಆದಿದೇವನ ಚಿಂತನೆಯು ಮುಂದೆ ಮುಂದೆ ನಡೆಯುತ್ತದೆ. ಮೂರನೆಯದಾಗಿ, ಅವನು ಏಕಾಕಿಯಾಗುವುದಿಲ್ಲ. ಲೌಕಾಂತಿಕ ದೇವತೆಗಳು ಬಂದು, ಅವನು ಕಂಡುದು ನಿಜವೆಂದೂ ಮಾಡಹೊರಟುದು ಉಚಿತವೆಂದೂ ಸಂಭಾವಿಸುತ್ತಾರೆ. ನಾಲ್ಕನೆಯದಾಗಿ, ಅವನು ಹೊಣೆಯನ್ನು ಕೊಡವಿಕೊಂಡು ಓಡುವುದಿಲ್ಲ. ಭರತ ಬಾಹುಬಲಿ ಮೊದಲಾದ ಮಕ್ಕಳಿಗೆ ರಾಜ್ಯವನ್ನು ಹಂಚಿ, ಕ್ರಮವಾಗಿ ದೀಕ್ಷೆಗೆ ನಡೆಯುತ್ತಾನೆ. ಕಾಣುವಿಕೆ, ಚಿಂತನೆ, ಸಂವಾದ, ಕ್ರಿಯೆ ಎಂಬ ಈ ನಾಲ್ಕೂ ಇದ್ದಾಗ ನಿರ್ವೇದವು ಶಾಂತಕ್ಕೆ ಏರುತ್ತದೆ. ಇವುಗಳಲ್ಲಿ ಯಾವುದು ಎಲ್ಲಿ ಮುರಿಯಿತೆಂದು ಹುಡುಕುವುದು ಆಧುನಿಕ ಕೃತಿಗಳ ಪರೀಕ್ಷೆಗೆ ಒಳ್ಳೆಯ ಒರೆಗಲ್ಲು.

೪

ಯಶವಂತ ಚಿತ್ತಾಲರು (೧೯೨೮–೨೦೧೪) ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದೊಡ್ಡ ಕಂಪನಿಯೊಂದರಲ್ಲಿ ದುಡಿದವರು. ಕೈಗಾರಿಕಾಸಂಸ್ಥೆಯ ಒಳಗನ್ನು ಬಲ್ಲ ಲೇಖಕರು ಕನ್ನಡದಲ್ಲಿ ವಿರಳವಾಗಿದ್ದ ಕಾಲದಲ್ಲಿ ‘ಶಿಕಾರಿ’ ಪ್ರಕಟವಾಯಿತು. ಅದರ ನಾಯಕ ನಾಗಪ್ಪನು ಅಂತಹದೇ ಸಂಸ್ಥೆಯೊಂದರ ಮೇಲಧಿಕಾರಿ. ಒಂದು ದಿನ ಅವನು ಕೆಲಸದಿಂದ ಅಮಾನತಾಗುತ್ತಾನೆ. ಆಪಾದನೆಯ ಸ್ವರೂಪ ಸ್ಪಷ್ಟವಿಲ್ಲ. ಹೂಡಿದವರು ಯಾರೆಂಬುದು ಸ್ಪಷ್ಟವಿಲ್ಲ. ಗೆಳೆಯರು ಯಾರು, ಬೇಟೆಗಾರರು ಯಾರು ಎಂಬುದೂ ಸ್ಪಷ್ಟವಿಲ್ಲ. ಉದ್ಯೋಗದ ಆಘಾತವು ಬಾಲ್ಯದ ಹಳೆಯ ಭಯಗಳನ್ನು ಕೆದಕುತ್ತದೆ.

ಈ ಕಾದಂಬರಿಯನ್ನು ಅಸ್ತಿತ್ವವಾದಿ ಕೃತಿಯೆಂದು ಕರೆದು ಮುಗಿಸುವುದು ಸುಲಭ. ನೀಲಾಂಜನೆಯ ಪ್ರಸಂಗದ ಪಕ್ಕದಲ್ಲಿಟ್ಟರೆ ಅದರ ಹೊಸತನವು ನಿಚ್ಚಳವಾಗುತ್ತದೆ. ಪಂಪನಲ್ಲಿ ಬಿಕ್ಕಟ್ಟು ಪ್ರೇಕ್ಷಕನದು. ಸಿಂಹಾಸನದಲ್ಲಿ ಕುಳಿತು ನೋಡಿದವನಿಗೆ ಅರಿವಾಯಿತು. ನೀಲಾಂಜನೆಗೆ ಏನೆನಿಸಿತೆಂಬುದನ್ನು ಪುರಾಣವು ಹೇಳುವುದಿಲ್ಲ. ಹೇಳುವ ಮೊದಲೇ ಅವಳಿಲ್ಲ. ಚಿತ್ತಾಲರು ನರ್ತಕಿಯ ಸ್ಥಾನದಲ್ಲಿ ನಿಂತು ಬರೆದರು. ತನ್ನ ತಾಳವು ಮುಗಿಯುವ ಮೊದಲೇ ತನ್ನಂತಹ ಇನ್ನೊಬ್ಬನು ವೇದಿಕೆಯ ಅಂಚಿನಲ್ಲಿ ಸಿದ್ಧನಾಗಿ ನಿಂತಿರುವನೆಂಬುದನ್ನು ತಿಳಿದವನ ಕಥೆ ಇದು.

ಹೀಗಾದುದರಿಂದ ನಾಗಪ್ಪನ ಪ್ರಧಾನಭಾವವು ನಿರ್ವೇದವಲ್ಲ. ಭರತನ ಪಟ್ಟಿಯಿಂದಲೇ ಹೆಸರು ಹೇಳಬೇಕಾದರೆ ಅದು ಶಂಕೆ ಮತ್ತು ತ್ರಾಸ. ಶಂಕೆಯು ಪ್ರಬಲವಾದಾಗ ಸಂವಾದವು ಮುರಿಯುತ್ತದೆ. ಸಾಂತ್ವನ ಹೇಳಲು ಬಂದವನೂ ಬಲೆಯ ಒಂದು ಎಳೆಯಾಗಿ ಕಾಣುತ್ತಾನೆ. ಲೌಕಾಂತಿಕರೇ ಬಂದಿದ್ದರೂ ನಾಗಪ್ಪನು ಅವರನ್ನು ಯಾರು ಕಳುಹಿಸಿದರೆಂದು ಕೇಳುತ್ತಿದ್ದನು. ಅವನ ಭಯದಲ್ಲಿ ಎಷ್ಟು ಪಾಲು ವ್ಯಾಧಿ, ಎಷ್ಟು ಪಾಲು ಯಥಾರ್ಥ ಎಂಬ ಪ್ರಶ್ನೆಯನ್ನು ಕಾದಂಬರಿಯು ಕೊನೆಯವರೆಗೂ ತೆರೆದಿಟ್ಟಿದೆ, ಏಕೆಂದರೆ ಅವನನ್ನು ಬೇಟೆಯಾಡುವವರು ನಿಜವಾಗಿಯೂ ಇದ್ದಾರೆ. ಈ ಉಭಯಸಾಧ್ಯತೆಯೇ ಕೃತಿಯ ಸಾಮರ್ಥ್ಯ. ನಾಗಪ್ಪನನ್ನು ಕೇವಲ ಮನೋರೋಗಿಯೆಂದು ಓದುವವರು ಸಂಸ್ಥೆಯ ಕ್ರೌರ್ಯವನ್ನು ಮನ್ನಿಸುತ್ತಾರೆ. ಕೇವಲ ತತ್ತ್ವಾನ್ವೇಷಕನೆಂದು ಓದುವವರು ಅವನ ನರಳಾಟವನ್ನು ಅಲಂಕಾರವಾಗಿ ಮಾಡುತ್ತಾರೆ.

ಆದರೂ ಅವನಲ್ಲಿ ಒಂದು ಶಕ್ತಿಯು ಉಳಿದಿದೆ. ಭಯವನ್ನು ಮಾತಿಗಿಳಿಸಿ, ಅದರ ಬೇರುಗಳನ್ನು ತಾನೇ ಹುಡುಕಿ ನೋಡುವ ಯತ್ನವನ್ನು ಅವನು ಬಿಡುವುದಿಲ್ಲ. ಚಿಂತನೆಯು ನಡೆಯುತ್ತಿರುವವರೆಗೆ ಬಿಕ್ಕಟ್ಟಿಗೆ ಬಾಗಿಲು ಇದೆ ಎಂಬುದನ್ನು ‘ಶಿಕಾರಿ’ಯಿಂದ ತಿಳಿಯಬಹುದು.

೫

‘ಘಾಚರ್ ಘೋಚರ್’ ಬೆಂಗಳೂರಿನ ಕಥೆ. ನಿರೂಪಕನ ತಂದೆ ಚಹಾಪುಡಿಯ ಮಾರಾಟಗಾರ. ಅವನ ಕೆಲಸ ಹೋದಾಗ ಕೈಗೆ ಬಂದ ಹಣವು ಚಿಕ್ಕಪ್ಪನ ಮಸಾಲೆ ವ್ಯಾಪಾರಕ್ಕೆ ಮೂಲಧನವಾಗಿ, ಇರುವೆ ಮುತ್ತುತ್ತಿದ್ದ ಸಣ್ಣ ಮನೆಯ ಕುಟುಂಬವು ಕೆಲವೇ ವರ್ಷಗಳಲ್ಲಿ ಶ್ರೀಮಂತವಾಗುತ್ತದೆ. ಆಮೇಲೆ ನಿರೂಪಕನು ಹೆಸರಿಗೆ ಆ ವ್ಯಾಪಾರದ ನಿರ್ದೇಶಕ. ಹಣವು ಖಾತೆಗೆ ತಾನಾಗಿ ಬಂದು ಬೀಳುತ್ತದೆ, ಮಾಡಬೇಕಾದ ಕೆಲಸವಿಲ್ಲ. ಅವನು ಕಾಫಿ ಹೌಸಿನಲ್ಲಿ ಕುಳಿತು, ವಿನ್ಸೆಂಟನೆಂಬ ಪರಿಚಾರಕನು ಆಡುವ ಒಂದೆರಡು ಮಾತುಗಳನ್ನು ಆಪ್ತವಾಕ್ಯದಂತೆ ಸ್ವೀಕರಿಸುತ್ತಾನೆ.

ಇವನು ಮೂರನೆಯ ಬಗೆಯವನು. ಆದಿದೇವನಂತೆ ಇವನೂ ಪ್ರೇಕ್ಷಕ. ಸಮೃದ್ಧಿಯ ನಡುವೆ ಕುಳಿತವನು. ತನ್ನ ಮನೆಯಲ್ಲಿ ಏನು ನಡೆಯುತ್ತಿದೆಯೆಂಬುದು ಇವನಿಗೂ ಕಾಣುತ್ತದೆ. ಆದರೆ ಇವನು ಆಸನದಿಂದ ಏಳುವುದಿಲ್ಲ. ಕಾಣುವಿಕೆಯುಂಟು, ಕ್ರಿಯೆಯಿಲ್ಲ, ಚಿಂತನೆಯು ಹೊರಟು ಪ್ರತಿಸಲವೂ ಅರ್ಧದಲ್ಲಿ ನಿಲ್ಲುತ್ತದೆ. ಅವನ ಭಾವವು ಜಡತೆ. ಅವನ ಹೆಂಡತಿ ಅನಿತಾ ಮಾತ್ರ, ದುಡಿಯದೆ ಬರುವ ಹಣದಲ್ಲಿ ಏನು ಮರ್ಯಾದೆಯೆಂದು ಕೇಳಬಲ್ಲವಳು. ಆದಿಪುರಾಣದಲ್ಲಿ ಲೌಕಾಂತಿಕರಿಗಿದ್ದ ಸ್ಥಾನವು ಈ ಕಥೆಯಲ್ಲಿ ಅವಳದು. ಮನೆಯಲ್ಲಿ ಯಾರಿಗೂ ಸಹಿಸಲಾಗದವಳು ಅವಳೇ. ಆಪ್ತವಾಕ್ಯವನ್ನು ಮನೆಯಲ್ಲಿ ಕೇಳಲೊಲ್ಲದವನು ಅದನ್ನು ಕಾಫಿ ಹೌಸಿನಲ್ಲಿ ಹುಡುಕುತ್ತಾನೆಂಬುದರಲ್ಲಿ ಕಥೆಯ ವ್ಯಂಗ್ಯವೆಲ್ಲ ಇದೆ.

ಕೃತಿಯ ಹೆಸರು ಯಾವ ನಿಘಂಟಿನಲ್ಲಿಯೂ ಇಲ್ಲದ ಶಬ್ದ. ಅನಿತಾಳ ತವರಿನಲ್ಲಿ, ಬಿಡಿಸಲಾಗದಂತೆ ಗಂಟುಬಿದ್ದುದನ್ನು ಹೇಳಲು ಮಕ್ಕಳ ಆಟದಿಂದ ಹುಟ್ಟಿದುದು. ಸ್ವಂತ ಅನುಭವಕ್ಕೆ ಮನೆಯೊಳಗೇ ಒಂದು ಹೆಸರನ್ನು ಹುಟ್ಟಿಸಿಕೊಳ್ಳುವುದು ಎಷ್ಟು ದೊಡ್ಡ ಆಸರೆಯೆಂಬುದನ್ನೂ, ಆ ಹೆಸರನ್ನು ಹಂಚಿಕೊಳ್ಳುವವರು ಇಲ್ಲವಾದರೆ ಗಂಟು ಹಾಗೆಯೇ ಉಳಿಯುವುದೆಂಬುದನ್ನೂ ಕಥೆಯು ಬಾಯಿಬಿಟ್ಟು ಹೇಳದೆ ತೋರಿಸುತ್ತದೆ.

೬

ಈಗ ಹೊರವಲಯಗಳ ಕಡೆಗೆ ತಿರುಗಬಹುದು. ವೈಟ್‌ಫೀಲ್ಡ್ ಊರು ಹುಟ್ಟಿದುದು ೧೮೮೨ರಲ್ಲಿ, ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ೩,೯೦೦ ಎಕರೆ ಭೂಮಿಯಲ್ಲಿ. ಬೇಸಾಯದಿಂದ ಬದುಕುವ ಒಂದು ವಸತಿಯಾಗಲೆಂಬುದು ಆಗಿನ ಆಶಯ. ಪೀಣ್ಯದ ಕೈಗಾರಿಕಾ ಪ್ರದೇಶವು ೧೯೭೦ರ ದಶಕದಲ್ಲಿ ಸಣ್ಣ ಕಾರ್ಖಾನೆಗಳಿಗಾಗಿ ಬೆಳೆದುದು. ಎಲೆಕ್ಟ್ರಾನಿಕ್ ಸಿಟಿಯು ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕಲ್ಪನೆಯಂತೆ, ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಆರಂಭವಾಯಿತು. ಮೂರೂ ಯೋಜಿಸಿ ಕಟ್ಟಿದ ನೆಲೆಗಳು. ಕೆಲಸವು ಮೊದಲು ಬಂದು, ನೆರೆಹೊರೆಯು ಆಮೇಲೆ ಬಂದ ಸ್ಥಳಗಳು. ಅಜ್ಜಿ, ಗುಡಿ, ಜಗುಲಿ, ಊರಹಬ್ಬ ಇವುಗಳೊಡನೆ ಬೆಳೆದವರಿಗೆ ಇಲ್ಲಿ ಮೊದಲು ಕಾಣೆಯಾಗುವುದು ಕೇಳಿಸಿಕೊಳ್ಳುವವರ ಬಳಗ.

ಇಲ್ಲಿಯ ಕೆಲಸದ ಮಾತುಗಳೇ ಮೇಲಿನ ಮೂರು ಸ್ಥಿತಿಗಳನ್ನು ಹೆಸರಿಸುತ್ತವೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ದೊರೆಯದೆ ಸಂಬಳ ಪಡೆಯುತ್ತ ಕುಳಿತವನನ್ನು ‘ಬೆಂಚಿನಲ್ಲಿದ್ದಾನೆ’ ಎನ್ನುತ್ತಾರೆ. ಹಣವುಂಟು, ಕೆಲಸವಿಲ್ಲ, ನಾಳೆ ಏನೆಂಬುದು ತಿಳಿಯದು. ಇದು ‘ಘಾಚರ್ ಘೋಚರ್’ ನಿರೂಪಕನ ಸ್ಥಿತಿಯ ಸಮೀಪದ ನೆಂಟ, ಆದರೆ ನಾಗಪ್ಪನ ಭಯವೂ ಇದರೊಡನೆ ಬೆರೆತಿದೆ. ‘ಲೇಆಫ್’ ಆದವನ ಐಡಿ ಕಾರ್ಡಿಗೆ ಬಾಗಿಲು ತೆರೆಯುವುದು ನಿಲ್ಲುತ್ತದೆ. ಅವನು ಮಾಡುತ್ತಿದ್ದ ಕೆಲಸವು ಮಾತ್ರ ಇನ್ನೊಬ್ಬನ ಕೈಯಲ್ಲಿ ಮುಂದುವರಿಯುತ್ತದೆ. ತಾಳ ತಪ್ಪುವುದಿಲ್ಲ. ಉಳಿದವರು ಅದನ್ನು ಕಂಡು, ತಾನೂ ಹೀಗೆಯೇ ಅಲ್ಲವೆ ಎಂದು ಒಂದು ಕ್ಷಣ ನಿಲ್ಲುತ್ತಾರೆ. ಆ ಕ್ಷಣದಲ್ಲಿ ಅವರು ಆದಿದೇವನೂ ಹೌದು, ನೀಲಾಂಜನೆಯೂ ಹೌದು. ಪುರಾಣದಲ್ಲಿ ಬೇರೆಬೇರೆಯಾಗಿದ್ದ ಎರಡು ಸ್ಥಾನಗಳು ಒಬ್ಬನಲ್ಲಿಯೇ ಕೂಡಿದುದು ಈ ಕಾಲದ ಬಿಕ್ಕಟ್ಟಿನ ವಿಶೇಷವೆಂದು ಹೇಳಬಹುದು.

ಪೀಣ್ಯದ ವಿಷಯವು ಬೇರೆ. ಅಲ್ಲಿಯ ಯಂತ್ರಶಾಲೆಗಳಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿಯೂ ಶಿಫ್ಟು ಮುಗಿದ ಮೇಲೆ ಓಟಿ ಮಾಡುವ ಕೆಲಸಗಾರರಿಗೆ ಬಾಳಿನ ಅರ್ಥದ ಪ್ರಶ್ನೆಯು ಏಳುವುದಿಲ್ಲವೆಂಬಂತೆ ಕನ್ನಡ ವಿಮರ್ಶೆಯು ವರ್ತಿಸಿದೆ. ಬಿಕ್ಕಟ್ಟು ಅಧಿಕಾರಿಗೆ, ಆಚಾರ್ಯನಿಗೆ, ಕಲಾವಿದನಿಗೆ. ಕೆಲಸಗಾರನಿಗೆ ದಣಿವು ಮಾತ್ರ. ಭರತನು ದಾರಿದ್ರ್ಯವನ್ನೂ ನಿರ್ವೇದದ ಕಾರಣಗಳಲ್ಲಿ ಎಣಿಸಿದ್ದನ್ನು ಇಲ್ಲಿ ನೆನೆಯಬೇಕು. ಶ್ರಮವನ್ನು ನಿರ್ವೇದವೆಂದು ಕರೆಯುವುದು ತಪ್ಪಾದರೆ, ಶ್ರಮಿಕನಲ್ಲಿ ನಿರ್ವೇದವನ್ನು ಕಾಣದಿರುವುದೂ ಅಷ್ಟೇ ತಪ್ಪು. ಈ ಕೊರತೆಯು ವಿಮರ್ಶೆಯದೊಂದೇ ಅಲ್ಲ; ನಮೂದಿಸಿದ ಎರಡೂ ಕಾದಂಬರಿಗಳು ಕೆಲಸಗಾರನ ಒಳಮನಸ್ಸನ್ನು ಪ್ರವೇಶಿಸುವುದಿಲ್ಲ.

೭

ವೈದ್ಯಶಾಸ್ತ್ರವು ಈ ಭೇದವನ್ನು ಒಪ್ಪುತ್ತದೆಯೆ ಎಂಬ ಪ್ರಶ್ನೆಯು ಸಹಜ. ಜರ್ಮನಿಯ ಕಾರ್ಲ್ ಯಾಸ್ಪರ್ಸನು ಮೊದಲು ಮನೋವೈದ್ಯ, ಅನಂತರ ತತ್ತ್ವಜ್ಞ. ೧೯೧೩ರಲ್ಲಿ ಮನೋವ್ಯಾಧಿಗಳ ಲಕ್ಷಣಶಾಸ್ತ್ರವನ್ನು ಬರೆದ ಅವನೇ ೧೯೧೯ರಲ್ಲಿ ಸಾವು, ದುಃಖ, ಹೋರಾಟ, ಅಪರಾಧಗಳನ್ನು ಯಾವ ಮನುಷ್ಯನೂ ತಪ್ಪಿಸಿಕೊಳ್ಳಲಾಗದ ‘ಸೀಮಾಸ್ಥಿತಿ’ಗಳೆಂದು ನಿರೂಪಿಸಿದನು. ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲನು, ಬಾಳಿಗೆ ಅರ್ಥವಿಲ್ಲವೆಂಬ ಕೊರಗು ಆಧ್ಯಾತ್ಮಿಕ ಸಂಕಟವೇ ಹೊರತು ತನ್ನಷ್ಟಕ್ಕೆ ತಾನೇ ಮನೋರೋಗವಲ್ಲವೆಂದು ವಾದಿಸಿದನು. ೨೦೧೯ರಲ್ಲಿ ಅಂಗೀಕೃತವಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣವು, ಕೆಲಸದ ಒತ್ತಡದಿಂದ ಬರುವ ‘ಬರ್ನ್‌ಔಟ್’ ಎಂಬ ಸ್ಥಿತಿಯನ್ನು ಉದ್ಯೋಗಸಂಬಂಧವಾದ ಸಂಗತಿಯೆಂದು ಕರೆದು, ರೋಗಗಳ ಸಾಲಿಗೆ ಸೇರಿಸಲಿಲ್ಲ. ಶ್ರಮಕ್ಕೂ ವ್ಯಾಧಿಗೂ ನಡುವೆ ಭರತನು ಎಳೆದ ಗೆರೆಯು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಕಡೆ, ಖಿನ್ನತೆಯೆಂಬ ರೋಗವು ನಿಜವಾದುದು. ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಭಾಗ, ಹೆಚ್ಚುಕಡಮೆ ಪ್ರತಿದಿನವೂ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವ, ಸಾವಿನ ಆಲೋಚನೆ. ಇವು ಅದರ ಲಕ್ಷಣಗಳು. ಆದಿದೇವನ ನಿರ್ವೇದದೊಡನೆ ಹೋಲಿಸಿದರೆ ಅಂತರವು ತಿಳಿಯುತ್ತದೆ. ನಿರ್ವೇದವು ಪ್ರಶ್ನೆಯನ್ನು ಕೇಳುತ್ತದೆ. ಖಿನ್ನತೆಯು ಪ್ರಶ್ನೆಯ ವೇಷದಲ್ಲಿ ಒಂದೇ ಉತ್ತರವನ್ನು ಮತ್ತೆ ಮತ್ತೆ ಹೇಳುತ್ತದೆ. ಎರಡೂ ಒಬ್ಬನಲ್ಲಿಯೇ ಇರಬಹುದು. ಒಂದು ಮತ್ತೊಂದಕ್ಕೆ ದಾರಿಯಾಗಲೂಬಹುದು. ಆಗ ಚಿಕಿತ್ಸೆಯು ಪ್ರಶ್ನೆಯ ಬಾಯನ್ನು ಮುಚ್ಚುವುದಿಲ್ಲ. ಕೇಳುವ ಶಕ್ತಿಯನ್ನು ಮರಳಿ ಕೊಡುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ಪರಂಪರೆಯುಂಟು. ನಗರದ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ೧೯೫೪ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ೧೯೭೪ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ಮನೋವೈದ್ಯ ಗ್ರಂಥ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಕನ್ನಡದಲ್ಲಿ ಸಾಹಿತ್ಯವೂ ಮನೋವೈದ್ಯವೂ ಪರಸ್ಪರ ಅಪರಿಚಿತವಲ್ಲವೆಂಬುದಕ್ಕೆ ಇದು ಸಾಕ್ಷಿ. ೨೦೧೫–೧೬ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡ ೧೦.೬ ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ಅಸ್ವಸ್ಥತೆ ಕಂಡುಬಂದಿತು. ಮಹಾನಗರಗಳಲ್ಲಿ ಈ ಪ್ರಮಾಣವು ಶೇಕಡ ೧೪.೭. ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲವಾದುದರಿಂದ ಈ ಅಂಕಿಗಳನ್ನು ನೇರವಾಗಿ ಬೆಂಗಳೂರಿನ ಹೊರವಲಯಗಳಿಗೆ ಹಚ್ಚುವುದು ಯುಕ್ತವಲ್ಲ. ಆದರೂ, ಬಿಕ್ಕಟ್ಟನ್ನು ಹೇಳಿಕೊಳ್ಳುವವರಲ್ಲಿ ಚಿಕಿತ್ಸೆಗೆ ಅರ್ಹರಾದವರೂ ಕೆಲವರು ಇದ್ದೇ ಇರುವರೆಂಬುದಕ್ಕೆ ಇಷ್ಟು ಸಾಕು.

೮

ಇಲ್ಲಿ ಒಂದು ಆಕ್ಷೇಪವು ಬರಬಹುದು. ರೋಗನಿರ್ಣಯವು ವೈದ್ಯನ ಕೆಲಸ. ವಿಮರ್ಶಕನಿಗೂ ಅಧ್ಯಾಪಕನಿಗೂ ಅದರಲ್ಲಿ ಏನು ಅಧಿಕಾರ? ನಿರ್ಣಯದ ಅಧಿಕಾರವು ಅವರಿಗಿಲ್ಲವೆಂಬುದು ನಿಜ. ಆದರೆ ನಿರ್ಣಯಕ್ಕೆ ಮೊದಲು ಸಂಕಟಪಡುವವನು ತನ್ನ ಸ್ಥಿತಿಗೆ ಒಂದು ಹೆಸರನ್ನು ಇಟ್ಟುಕೊಳ್ಳುತ್ತಾನೆ; ವೈದ್ಯನಲ್ಲಿಗೆ ಹೋಗುವುದೂ ಹೋಗದಿರುವುದೂ ಬಹುಮಟ್ಟಿಗೆ ಆ ಹೆಸರನ್ನು ಅವಲಂಬಿಸಿದೆ. ತನ್ನ ನಿದ್ರಾಹೀನತೆಯನ್ನು ಪ್ರಾಣೇಶಾಚಾರ್ಯನ ಅಲೆದಾಟವೆಂದು ತಿಳಿದು ಅಭಿಮಾನಪಡುವ ವಿದ್ಯಾರ್ಥಿಯು ಆಸ್ಪತ್ರೆಗೆ ಹೋಗನು. ತನ್ನ ನ್ಯಾಯವಾದ ಪ್ರಶ್ನೆಯನ್ನು ರೋಗವೆಂದು ನಾಚಿಕೊಳ್ಳುವ ವಿದ್ಯಾರ್ಥಿನಿಯು ಅದನ್ನು ಯಾರಲ್ಲಿಯೂ ಆಡಳು. ಇಬ್ಬರಿಗೂ ಹೆಸರನ್ನು ಕೊಟ್ಟವರು ಸಾಹಿತ್ಯದ ಅಧ್ಯಾಪಕರೇ ಆಗಿರಬಹುದು.

ಹಳೆಯ ರಸಶಾಸ್ತ್ರವನ್ನು ಇಂದಿನ ಬಾಳಿಗೆ ಹಚ್ಚುವುದು ಕಾಲವಿರುದ್ಧವೆಂಬುದು ಎರಡನೆಯ ಆಕ್ಷೇಪ. ಭರತನ ಭಾವಗಳು ರಂಗಸ್ಥಳಕ್ಕೆ ಸೇರಿದವು, ಆಸ್ಪತ್ರೆಗಲ್ಲ ಎಂಬುದನ್ನು ಒಪ್ಪಬೇಕು. ಅವುಗಳಿಂದ ಚಿಕಿತ್ಸೆಯನ್ನು ನಿರೀಕ್ಷಿಸುವಂತಿಲ್ಲ. ಅವುಗಳಿಂದ ಕಲಿಯಬೇಕಾದುದು ನೋಡುವ ಶಿಸ್ತು. ಒಂದು ನಿಟ್ಟುಸಿರನ್ನು ಕಂಡಾಗ ಅದು ಮೂವತ್ತಮೂರರಲ್ಲಿ ಯಾವುದೆಂದು ವಿಚಾರಿಸುವ ತಾಳ್ಮೆ.

ಆದಿದೇವನಿಗೆ ದೊರೆತ ಲೌಕಾಂತಿಕರು ನಾಗಪ್ಪನಿಗೆ ನಂಬಲಾಗಲಿಲ್ಲ. ‘ಘಾಚರ್ ಘೋಚರ್’ ನಿರೂಪಕನಿಗೆ ಬೇಕಾಗಲಿಲ್ಲ. ಹೊರವಲಯದ ಬಾಡಿಗೆ ಕೋಣೆಯ ತರುಣನಿಗೆ ದೊರೆಯುವರೋ ಇಲ್ಲವೋ ಹೇಳಬರುವುದಿಲ್ಲ. ಲೌಕಾಂತಿಕರು ಮಾಡಿದುದು ಬಹಳ ಸಣ್ಣ ಕೆಲಸ. ಅವರು ವೈರಾಗ್ಯವನ್ನು ಹುಟ್ಟಿಸಲಿಲ್ಲ, ಹೋಗಲಾಡಿಸಲೂ ಇಲ್ಲ. ನೀನು ಕಂಡುದು ನಿಜವೆಂದು ಬಂದು ಹೇಳಿದರು. ಹಳೆಯ ವಿದ್ಯಾರ್ಥಿಯೊಬ್ಬನು ವೈಟ್‌ಫೀಲ್ಡಿನಿಂದಲೋ ಪೀಣ್ಯದಿಂದಲೋ ಬಂದು ‘ಮೇಷ್ಟ್ರೇ, ಯಾಕೋ ಬೇಜಾರು’ ಎಂದಾಗ ಅಧ್ಯಾಪಕನು ಮಾಡಬಹುದಾದುದೂ ಮೊದಲು ಅಷ್ಟೇ. ಆಮೇಲೆ ಅವನ ನಿದ್ದೆ, ಊಟಗಳನ್ನು ವಿಚಾರಿಸಿ, ಸಾವಿನ ಮಾತೇನಾದರೂ ಅವನ ಮನಸ್ಸಿಗೆ ಬರುತ್ತಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಹೌದೆಂದರೆ ಅವನನ್ನು ಒಂಟಿಯಾಗಿ ಕಳುಹಿಸದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು. ಇಲ್ಲವೆಂದರೆ ಅವನೊಡನೆ ಕುಳಿತು ನೀಲಾಂಜನೆಯ ಭಾಗವನ್ನು ಮತ್ತೊಮ್ಮೆ ಓದಬಹುದು. ಯಾವ ಸಂದರ್ಭದಲ್ಲಿ ಯಾವುದನ್ನು ಮಾಡಬೇಕೆಂಬ ವಿವೇಕವು ಹೆಸರುಗಳನ್ನು ಬೇರ್ಪಡಿಸಿ ತಿಳಿದವರಿಗೆ ಸುಲಭವಾಗಿ ಬರುತ್ತದೆ. ಕನ್ನಡ ವಿಮರ್ಶೆಯು ಅಷ್ಟನ್ನು ಮಾಡಿಕೊಟ್ಟರೆ ತನ್ನ ಋಣವನ್ನು ತಕ್ಕಮಟ್ಟಿಗೆ ತೀರಿಸಿದಂತಾಗುವುದು.